ಮನೆ ಮುಂದೆ 12 ಅಡಿ ಲೈಟಿನ ಕ್ರಿಸ್‌ಮಸ್ ಮರ: ದುರ್ಗದ ಗಾಳಿಗೆ ನಿಲ್ಲುವಂತೆ ಕಟ್ಟುವುದು ಹೇಗೆ?

ಗಾಳಿಗುಡ್ಡ · ನವೆಂಬರ್ 20, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ಕಡೆ. ಹೋದ ವರ್ಷ ಕ್ರಿಸ್‌ಮಸ್‌ಗೆ ಮನೆ ಮುಂದಿನ ಖಾಲಿ ಜಾಗದಲ್ಲಿ ಒಂದು ಲೈಟಿನ ಮರ ಕಟ್ಟಿದ್ದೆ. ಹತ್ತು ಅಡಿ ಬಿದಿರು ಗಳ, ಮೇಲಿಂದ ಸುತ್ತಲೂ ಇಳಿಬಿಟ್ಟ ಸೀರಿಯಲ್ ಸೆಟ್, ತುದಿಗೆ ಫ್ಲೆಕ್ಸಿನ ನಕ್ಷತ್ರ. ಬುಡವನ್ನು ಪೇಂಟ್ ಡಬ್ಬದಲ್ಲಿ ಕಾಂಕ್ರೀಟ್ ಸುರಿದು ನಿಲ್ಲಿಸಿದ್ದೆ.

ಡಿಸೆಂಬರ್ 23ರ ರಾತ್ರಿ ಗಾಳಿ ಬೀಸಿತು. ಬೆಳಿಗ್ಗೆ ನೋಡಿದರೆ ಮರ ಕಾಂಪೌಂಡಿಗೆ ಒರಗಿಕೊಂಡಿತ್ತು. ಎತ್ತಲು ಹೋದೆ, ಕೈ ಜುಮ್ ಅಂತು. ಇಬ್ಬನಿಗೆ ಸೆಟ್ ಪೂರ್ತಿ ಒದ್ದೆಯಾಗಿತ್ತು, ನಾನು ಸ್ವಿಚ್ ಆರಿಸಿರಲಿಲ್ಲ. ಮಗಳು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಆ ಭಯ ಇನ್ನೂ ಹೋಗಿಲ್ಲ.

ಈ ವರ್ಷ ಸರಿಯಾಗಿ ಮಾಡಬೇಕು ಅಂತ ಈಗಲೇ ಕೂತಿದ್ದೇನೆ. ಎತ್ತರ 12 ಅಡಿ, ಬುಡದ ಅಗಲ 6 ಅಡಿ, ಸುತ್ತ 16 ಎಳೆ. ಒಂದೊಂದು ಎಳೆಯಲ್ಲಿ ಮೂರು ಇಂಚಿಗೆ ಒಂದರಂತೆ 50 ಪಿಕ್ಸೆಲ್, ಅಂದರೆ ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾದ ಪುಟ್ಟ ಎಲ್‌ಇಡಿ. ಒಟ್ಟು 800. ಪಿಕ್ಸೆಲ್ ಲೈಟ್ ಆಗಲೇ ತಂದಿದ್ದೇನೆ, 5 ವೋಲ್ಟಿನದು.

ಕಷ್ಟ ಏನಂದರೆ ನಮ್ಮಲ್ಲಿ ಗುಂಡಿ ತೆಗೆಯಲು ಆಗಲ್ಲ. ಒಂದು ಅಡಿ ಅಗೆದರೆ ಬಂಡೆ. ಗಾಳಿಗೆ ಕಂಬ ಹೇಗೆ ನಿಲ್ಲಿಸಲಿ? ಕರೆಂಟ್ ಹೇಗೆ ಕೊಡಲಿ? ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ.

ಬೆಣ್ಣೆನಗರಿ · ರಾತ್ರಿ 9:25

ಡಬ್ಬ ದೊಡ್ಡದು ಮಾಡಿ ಅಣ್ಣ. ಎಣ್ಣೆ ಡ್ರಮ್ ಅರ್ಧ ಕೊಯ್ದು ಕಾಂಕ್ರೀಟ್ ತುಂಬಿ. ಅಲ್ಲಾಡಲ್ಲ.

ಹಿರಿಯೂರು_ಹೈದ · ರಾತ್ರಿ 9:31

ಮನೆ ಮುಂದೆ ಬೇವಿನ ಮರ ಇಲ್ವಾ? ಅದಕ್ಕೇ ಸುತ್ತಿಬಿಡಿ. ಕಂಬಾನೇ ಬೇಡ.

ಲೆಕ್ಕದ_ಮೇಡಂ · ರಾತ್ರಿ 10:02

ಡಬ್ಬದ ವಿಚಾರ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾನು ದಾವಣಗೆರೆಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಡಬಹುದು.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಏರುತ್ತದೆ. ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ಗಾಳಿ ಅಂದುಕೊಳ್ಳಿ. ಒಂದು ಚದರ ಮೀಟರಿಗೆ ಸುಮಾರು 135 ನ್ಯೂಟನ್ ಒತ್ತಡ. ನಿಮ್ಮ ಫ್ಲೆಕ್ಸ್ ನಕ್ಷತ್ರ ಎರಡಡಿಗೆ ಎರಡಡಿ ಇದ್ದರೆ ಅದರ ಮೇಲೆ ಸುಮಾರು 5 ಕೆಜಿ ತಳ್ಳಿದ ಹಾಗೆ. ಐದು ಕೆಜಿ ಜಾಸ್ತಿ ಅನ್ನಿಸಲ್ಲ ಅಲ್ವಾ? ಆದರೆ ಹೋದ ವರ್ಷ ಅದು ಹತ್ತು ಅಡಿ ಮೇಲೆ ತಳ್ಳುತ್ತಿತ್ತು. ಬುಡದಲ್ಲಿ ಅದರ ಮಗುಚುವ ಬಲ ಸುಮಾರು 15 ಕೆಜಿ-ಮೀಟರ್.

ಈಗ ಪೇಂಟ್ ಡಬ್ಬ. 25 ಕೆಜಿ ಇದೆ, ಒಂದು ಅಡಿ ಅಗಲ ಇದೆ ಅನ್ನೋಣ. ಅದು ತಡೆಯುವುದು ನಾಲ್ಕು ಕೆಜಿ-ಮೀಟರಿಗಿಂತ ಕಡಿಮೆ. ಲೈಟಿನ ಎಳೆಗಳಿಗೆ ತಾಗುವ ಗಾಳಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಡ್ರಮ್ ಹಾಕಿದರೆ ಭಾರ ಬಹಳ ಏರುತ್ತದೆ, ಅಗಲ ಸ್ವಲ್ಪವೇ. ಬೇಕಾಗಿರುವುದು ಅಗಲ. ಅಗಲ ಅಂದರೆ ನಾಲ್ಕು ದಿಕ್ಕಿಗೆ ಎಳೆದು ಕಟ್ಟಿದ ತಂತಿ.

ಬೆಣ್ಣೆನಗರಿ · ರಾತ್ರಿ 10:09

ಒಪ್ಪಿದೆ ಮೇಡಂ. ಡ್ರಮ್ ಮಾತು ವಾಪಸ್.

ಪೆಂಡಾಲ್_ತಮ್ಮ · ರಾತ್ರಿ 10:40

ಮೇಡಂ ಲೆಕ್ಕದಲ್ಲಿ ಹೇಳಿದ್ದನ್ನು ನಾವು ಗಣಪತಿ ಪೆಂಡಾಲ್ ಕಟ್ಟುವಾಗ ಬಿದ್ದು ಬಿದ್ದು ಕಲಿತಿದ್ದೇವೆ. ಫ್ಲೆಕ್ಸ್ ಎಂದರೆ ಹಾಯಿ. ಗಾಳಿ ಸಿಕ್ಕರೆ ಎಳೆದುಕೊಂಡೇ ಹೋಗುತ್ತದೆ. ದೊಡ್ಡ ಫ್ಲೆಕ್ಸಿಗೆ ಅಲ್ಲಲ್ಲಿ ಅರ್ಧ ಚಂದ್ರದ ಹಾಗೆ ಕೊಯ್ದು ಗಾಳಿಗೆ ದಾರಿ ಬಿಡುತ್ತೇವೆ.

ಸರ್, ನಿಮ್ಮ ಮರಕ್ಕೆ ನನ್ನ ಸಲಹೆ. ಬಿದಿರು ಬಿಡಿ, ಒಂದೂವರೆ ಇಂಚಿನ ಜಿಐ ಪೈಪ್ ತನ್ನಿ. ಕೆಳಗೆ ಆರು ಅಡಿ ಅಗಲದ ಬಳೆ, 8 ಎಂಎಂ ಕಬ್ಬಿಣದ ಸರಳು ಬಾಗಿಸಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ. ಸುತ್ತಳತೆ ಸುಮಾರು 19 ಅಡಿ ಬರುತ್ತದೆ. 16 ಎಳೆಗೆ ಹಂಚಿದರೆ ಎಳೆಗೂ ಎಳೆಗೂ 14 ಇಂಚು. ಸರಳಿನ ಮೇಲೆ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ಆಮೇಲೆ ಏಣಿ ಮೇಲೆ ನಿಂತು ಅಂದಾಜು ಮಾಡಲು ಹೋದರೆ ಒಂದು ಕಡೆ ದಟ್ಟ, ಒಂದು ಕಡೆ ಬೋಳು ಆಗುತ್ತದೆ.

ಇನ್ನೊಂದು ಮಾತು ಮರೀಬೇಡಿ. ಎಳೆಯ ಭಾರ ಲೈಟಿನ ವೈರ್ ಮೇಲೆ ಬೀಳಬಾರದು. ಮೊದಲು ಮೇಲಿಂದ ಬಳೆಗೆ ಬಟ್ಟೆ ಒಣಗಿಸುವ ತಂತಿ ಬಿಗಿಯಾಗಿ ಎಳೆಯಿರಿ, ಪಿಕ್ಸೆಲ್ ಅದಕ್ಕೆ ಕೇಬಲ್ ಟೈ ಹಾಕಿ ಕಟ್ಟಿ. ಗಾಳಿಗೆ ವೈರ್ ಎಳೆದಾಡಿದರೆ ಬೆಸುಗೆ ಒಳಗೇ ಬಿಡುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ, ಒಂದು ಪಿಕ್ಸೆಲ್ ಸತ್ತರೆ ಅದರ ಮುಂದಿನದೆಲ್ಲ ಹುಚ್ಚುಚ್ಚಾಗಿ ಮಿನುಗುತ್ತವೆ.

ಬೇವಿನಮರ · ನವೆಂಬರ್ 21, ಬೆಳಿಗ್ಗೆ 6:20

ಹಿರಿಯೂರು ಹೈದ ಅವರೇ, ಜೀವಂತ ಮರಕ್ಕೆ ಸುತ್ತುವುದು ಬೇಡ. ನಮ್ಮ ಬೀದಿಯ ಬೇವಿನ ಮರದಲ್ಲಿ ಸಂಜೆ ಆರಕ್ಕೆ ಗೊರವಂಕಗಳು ಬಂದು ಕೂರುತ್ತವೆ. ಒಂದು ಮದುವೆಗೆ ಅದಕ್ಕೆ ಬುಡದಿಂದ ತುದಿವರೆಗೆ ಲೈಟ್ ಸುತ್ತಿದ್ದರು. ರಾತ್ರಿಯೆಲ್ಲ ಹಕ್ಕಿಗಳು ಎದ್ದು ಎದ್ದು ಹಾರುತ್ತಿದ್ದವು. ಮೊಳೆ ಬೇರೆ ಹೊಡೆದಿದ್ದರು. ಕಂಬದ ಮರವೇ ಒಳ್ಳೆಯದು.

ಹಿರಿಯೂರು_ಹೈದ · ಬೆಳಿಗ್ಗೆ 7:45

ಹಕ್ಕಿ ವಿಷಯ ಯೋಚಿಸಿರಲಿಲ್ಲ. ಸರಿ.

ಕಲ್ಲುಕುಟಿಗರ_ಮಗ · ಬೆಳಿಗ್ಗೆ 8:15

ಗಾಳಿಗುಡ್ಡ ಅಣ್ಣ, ಬಂಡೆ ಕಷ್ಟ ಅಂತ ಯಾಕೆ ಅಂದುಕೊಳ್ಳುತ್ತೀರಿ? ಅದೇ ನಿಮ್ಮ ಬುನಾದಿ. ಏಳು ಸುತ್ತಿನ ಕೋಟೆ ನಿಂತಿರೋದು ಯಾವುದರ ಮೇಲೆ?

ನಮ್ಮಪ್ಪ ಕಲ್ಲು ಕೆಲಸದವರು. ಅವರು ಬಂಡೆಗೆ ಉಳಿ ಇಡುವ ಮೊದಲು ಸುತ್ತಿಗೆಯಲ್ಲಿ ತಟ್ಟಿ ಕೇಳುತ್ತಿದ್ದರು. ಟಣ್ ಅಂತ ಗಟ್ಟಿ ಸದ್ದು ಬಂದರೆ ಒಳಗೆ ಒಂದೇ ಕಲ್ಲು. ಡಬ್ ಅಂತ ಬಂದರೆ ಮೇಲಿನ ಪದರ ಎದ್ದಿದೆ. ನಮ್ಮ ದುರ್ಗದ ಕಲ್ಲು ಬಿಸಿಲಿಗೆ ಈರುಳ್ಳಿ ಸಿಪ್ಪೆ ಹಾಗೆ ಪದರ ಬಿಡುತ್ತದೆ. ಅಂಥ ಕಡೆ ಬೋಲ್ಟ್ ಹಾಕಿದರೆ ಸಿಪ್ಪೆ ಸಮೇತ ಕಿತ್ತು ಬರುತ್ತದೆ.

ಹೀಗೆ ಮಾಡಿ. ಮೇಲಿನ ಒಂದಡಿ ಮಣ್ಣು ತೆಗೆದು ಬಂಡೆ ತೊಳೆಯಿರಿ. ತಟ್ಟಿ ನೋಡಿ ಗಟ್ಟಿ ಇರುವ ನಾಲ್ಕು ಜಾಗ ಆರಿಸಿಕೊಳ್ಳಿ. ನಾಲ್ಕೂ ದಿಕ್ಕಿಗೆ ಒಂದೊಂದು ಬರಬೇಕು. ಹ್ಯಾಮರ್ ಡ್ರಿಲ್ ಬಾಡಿಗೆಗೆ ಸಿಗುತ್ತದೆ. 12 ಎಂಎಂ ಆಂಕರ್ ಬೋಲ್ಟ್, ತುದಿಯಲ್ಲಿ ಉಂಗುರ ಇರುವುದು. ನಾಲ್ಕು ಇಂಚು ಕೊರೆದು, ಒಳಗಿನ ಪುಡಿ ಪೂರ್ತಿ ಊದಿ ತೆಗೆದು ಬಿಗಿ ಮಾಡಿ. ಪುಡಿ ಉಳಿದರೆ ಬೋಲ್ಟ್ ಕಚ್ಚಲ್ಲ. ಎಲ್ಲರೂ ತಪ್ಪು ಮಾಡೋದು ಅಲ್ಲೇ.

ಕಂಬಕ್ಕೂ ಅಷ್ಟೇ. ಅರ್ಧ ಅಡಿ ಚದರದ ಕಬ್ಬಿಣದ ತಟ್ಟೆಗೆ ಒಂದು ಅಡಿ ಪೈಪ್ ತುಂಡು ವೆಲ್ಡ್ ಮಾಡಿಸಿ, ತಟ್ಟೆಯನ್ನು ಬಂಡೆಗೆ ಬೋಲ್ಟ್ ಹಾಕಿ. ಕಂಬ ಅದರೊಳಗೆ ಕೂರಲಿ. ಹಬ್ಬ ಮುಗಿದ ಮೇಲೆ ಕಂಬ ಎತ್ತಿಡಬಹುದು, ತಟ್ಟೆ ಮುಂದಿನ ವರ್ಷಕ್ಕೂ ಅಲ್ಲೇ ಇರುತ್ತದೆ.

ಗಾಳಿಗುಡ್ಡ · ಬೆಳಿಗ್ಗೆ 8:50

ಇದು ನನಗೆ ಹೊಳೆದೇ ಇರಲಿಲ್ಲ! ಭಾನುವಾರ ಮಣ್ಣು ತೆಗೆದು ತಟ್ಟಿ ನೋಡುತ್ತೇನೆ.

ಪೆಂಡಾಲ್_ತಮ್ಮ · ಬೆಳಿಗ್ಗೆ 9:05

ನಾಲ್ಕು ದಿಕ್ಕಿಗೆ ಎಳೆದು ಕಟ್ಟುವ ತಂತಿ ಕಂಬದ ತುದಿಗೆ ಕಟ್ಟಬೇಡಿ, ಮೂರರಲ್ಲಿ ಎರಡು ಪಾಲು ಎತ್ತರಕ್ಕೆ ಕಟ್ಟಿ. 8 ಅಡಿ ಸಾಕು. ಒಂದೊಂದು ತಂತಿಗೂ ಟರ್ನ್‌ಬಕಲ್ ಹಾಕಿ. ಎರಡು ದಿನಕ್ಕೆ ತಂತಿ ಸಡಿಲ ಆಗಿಯೇ ಆಗುತ್ತದೆ, ತಿರುಗಿಸಿ ಬಿಗಿ ಮಾಡಬಹುದು. ಕೆಳಗಿನ ಭಾಗಕ್ಕೆ ಬಿಳಿ ಬಟ್ಟೆ ಸುತ್ತಿ, ಮಕ್ಕಳು ಕತ್ತಲಲ್ಲಿ ಎಡವುತ್ತಾರೆ.

ವೈರ್‌ಮನ್_ಹರಿಹರ · ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ಕರೆಂಟ್ ಮಾತು ಯಾರೂ ಎತ್ತಿಲ್ಲ, ಆದರೆ ಜೀವ ಹೋಗುವುದು ಅಲ್ಲಿ.

ಹೋದ ವರ್ಷ ನಿಮಗೆ ಜುಮ್ ಅಂದದ್ದು ಯಾಕೆ ಗೊತ್ತಾ? ಸಾಮಾನ್ಯ ಸೀರಿಯಲ್ ಸೆಟ್ ನೇರ 230 ವೋಲ್ಟಿಗೆ ಹಾಕುವುದು. ಒಂದೊಂದು ಎಲ್‌ಇಡಿಗೆ ಬೇಕಾಗಿರುವುದು ಮೂರು ವೋಲ್ಟ್. ಅಷ್ಟನ್ನೂ ಒಂದರ ಹಿಂದೆ ಒಂದು ಪೋಣಿಸಿ 230 ತಡೆಯುವ ಹಾಗೆ ಮಾಡಿರುತ್ತಾರೆ. ಆದರೆ ಸರಣಿಯ ಮೊದಲ ಎಲ್‌ಇಡಿ ಹತ್ತಿರ ವೈರ್ ಒದ್ದೆಯಾಗಿ ಕೈ ತಾಗಿದರೆ ಪೂರ್ತಿ 230 ಸಿಗುತ್ತದೆ. ಅದು ಮನೆ ಒಳಗಿನ ಸಾಮಾನು. ಬಯಲಿಗೆ ಅಲ್ಲ.

ಈ ಸಲ 5 ವೋಲ್ಟ್ ಪಿಕ್ಸೆಲ್ ತಂದಿದ್ದೀರಿ, ಬಹಳ ಒಳ್ಳೆಯದು. 5 ವೋಲ್ಟ್ ಶಾಕ್ ಹೊಡೆಯಲ್ಲ. ಆದರೆ ಸುಡುತ್ತದೆ! ಲೆಕ್ಕ ನೋಡಿ. ಪೂರ್ತಿ ಬಿಳಿ ಬೆಳಕಲ್ಲಿ ಒಂದು ಪಿಕ್ಸೆಲ್ 60 ಮಿಲಿಆಂಪ್ ಎಳೆಯುತ್ತದೆ. 800ಕ್ಕೆ 48 ಆಂಪ್. ಅದಕ್ಕೆ 60 ಆಂಪಿನ ಎಸ್‌ಎಂಪಿಎಸ್ ಬೇಕು, ಅಂದರೆ 230 ವೋಲ್ಟನ್ನು 5ಕ್ಕೆ ಇಳಿಸುವ ಪೆಟ್ಟಿಗೆ. ಎಲ್ಲೋ ಒಂದು ಸಣ್ಣ ವೈರ್ ಶಾರ್ಟ್ ಆದರೆ 60 ಆಂಪ್ ಅದರಲ್ಲೇ ಹರಿಯುತ್ತದೆ, ವೈರ್ ಕೆಂಪಗೆ ಕಾದು ಪ್ಲಾಸ್ಟಿಕ್ ಹತ್ತಿಕೊಳ್ಳುತ್ತದೆ. ಹಾಗಾಗಿ ಒಂದೊಂದು ಎಳೆಗೂ ಬೇರೆ ಫ್ಯೂಸ್. ಒಂದು ಎಳೆ ಎಳೆಯುವುದು 3 ಆಂಪ್, 5 ಆಂಪಿನ ಫ್ಯೂಸ್ ಹಾಕಿ. ಕಾರಿನ ಫ್ಯೂಸ್ ಡಬ್ಬ ಸಿಗುತ್ತಲ್ಲ, ಅದೇ ಸಾಕು.

ಎಸ್‌ಎಂಪಿಎಸ್ ಮನೆ ಒಳಗಿಟ್ಟು 5 ವೋಲ್ಟ್ ಹೊರಗೆ ತರೋಣ ಅಂತ ಯೋಚಿಸಬೇಡಿ. ಹತ್ತು ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 15 ಆಂಪ್ ಕಳಿಸಿದರೂ ಎರಡು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಐದರಲ್ಲಿ ಎರಡು ಹೋದರೆ ಇನ್ನೇನು ಉಳಿಯಿತು? ಎಸ್‌ಎಂಪಿಎಸ್ ಮರದ ಬುಡದಲ್ಲೇ ಇರಲಿ, ನೆಲದಿಂದ ಒಂದಡಿ ಮೇಲೆ, ನೀರು ಬೀಳದ ಆದರೆ ಗಾಳಿ ಆಡುವ ಡಬ್ಬದಲ್ಲಿ. ಅಲ್ಲಿವರೆಗೆ 230ರ ಮೂರು ಎಳೆ ಕೇಬಲ್ ಪೈಪಿನೊಳಗೆ ಬರಲಿ. ಅರ್ಥ್ ವೈರ್ ಎಸ್‌ಎಂಪಿಎಸ್ ಮೈಗೂ ಕಂಬಕ್ಕೂ ಕಟ್ಟಬೇಕು. ಮನೆ ಕಡೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕದೆ ಸ್ವಿಚ್ ಒತ್ತಬೇಡಿ.

ಕಲ್ಲುಕುಟಿಗರ_ಮಗ · ಮಧ್ಯಾಹ್ನ 2:10

ಬಂಡೆ ಮೇಲೆ ಅರ್ಥಿಂಗ್ ಸರಿಯಾಗಿ ಸಿಗಲ್ಲ ಅಣ್ಣ. ನಮ್ಮ ಬೀದಿಯಲ್ಲಿ ಎಷ್ಟು ಮನೆಗೆ ಅರ್ಥ್ ಹೆಸರಿಗಷ್ಟೇ ಇದೆ. ಆಗ ಆರ್‌ಸಿಸಿಬಿ ಕೆಲಸ ಮಾಡುತ್ತಾ?

ವೈರ್‌ಮನ್_ಹರಿಹರ · ಮಧ್ಯಾಹ್ನ 2:25

ಮಾಡುತ್ತದೆ. ಅದು ನೋಡುವುದು ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ. ವ್ಯತ್ಯಾಸ ಬಂದರೆ ಬೀಳುತ್ತದೆ. ಆದರೆ ಅರ್ಥ್ ಚೆನ್ನಾಗಿದ್ದರೆ ಸೋರಿಕೆ ಶುರುವಾದ ಕೂಡಲೇ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದಾಗ ಬೀಳುತ್ತದೆ. ಮುಟ್ಟುವವರು ಮಗು ಆಗಿರಬಹುದು. ಅದಕ್ಕೇ ಎರಡೂ ಬೇಕು ಅನ್ನೋದು. ಬೋರ್‌ವೆಲ್ ಕೇಸಿಂಗ್ ಹತ್ತಿರ ಮಣ್ಣು ಆಳ ಇರುತ್ತದೆ, ಅಲ್ಲಿ ಅರ್ಥ್ ಗುಂಡಿ ಮಾಡಿಸಿ ಮೀಟರ್ ಹಾಕಿಸಿ ನೋಡಿ.

ಬೆಣ್ಣೆನಗರಿ · ಮಧ್ಯಾಹ್ನ 3:00

ಇಷ್ಟೆಲ್ಲ ಯಾಕೆ, ಬೀದಿ ದೀಪದ ಕಂಬ ಪಕ್ಕದಲ್ಲೇ ಇರುತ್ತಲ್ಲ. ಹಬ್ಬ ಅಂದರೆ ಯಾರೂ ಕೇಳಲ್ಲ. ಎರಡು ಕೊಕ್ಕೆ ಸಾಕು.

ವೈರ್‌ಮನ್_ಹರಿಹರ · ಮಧ್ಯಾಹ್ನ 3:04

ಬೇಡವೇ ಬೇಡ. ಅದು ಕರೆಂಟ್ ಕಳವು, 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್. ಅದಕ್ಕಿಂತ ಮುಖ್ಯ, ಆ ಕೊಕ್ಕೆಗೆ ಫ್ಯೂಸೂ ಇಲ್ಲ, ಆರ್‌ಸಿಸಿಬಿಯೂ ಇಲ್ಲ. ನನ್ನ ಕಣ್ಣೆದುರೇ ಒಬ್ಬ ಹುಡುಗ ಬಿದ್ದಿದ್ದಾನೆ. ಬದುಕಿದ, ಆದರೆ ಬಲಗೈ ಮೊದಲಿನ ಹಾಗಿಲ್ಲ.

ಬೆಣ್ಣೆನಗರಿ · ಮಧ್ಯಾಹ್ನ 3:20

ಗೊತ್ತಿಲ್ಲದೆ ಹೇಳಿದೆ ಅಣ್ಣ. ಕ್ಷಮಿಸಿ.

ಬಿಲ್ ಎಷ್ಟು ಬರಬಹುದು? ಗೃಹಜ್ಯೋತಿ ಇರುವವರು ಹೆದರುತ್ತಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ.

ಲೆಕ್ಕದ_ಮೇಡಂ · ಸಂಜೆ 5:15

48 ಆಂಪ್ ಗುಣಿಸು 5 ವೋಲ್ಟ್, 240 ವ್ಯಾಟ್. ದಿನಕ್ಕೆ ಐದು ಗಂಟೆ, 15 ದಿನ. 18 ಯೂನಿಟ್. ಆದರೆ ಯಾರೂ ಪೂರ್ತಿ ಬಿಳಿಯಲ್ಲಿ ಓಡಿಸಲ್ಲ. ಮೂವತ್ತು ಪರ್ಸೆಂಟ್ ಬೆಳಕಿಗೆ ಇಳಿಸಿದರೆ ಆರು ಯೂನಿಟ್ ಆಸುಪಾಸು. ಎಸ್‌ಎಂಪಿಎಸ್ ತಿನ್ನುವುದು ಸ್ವಲ್ಪ ಸೇರಿಸಿಕೊಳ್ಳಿ. ಕತ್ತಲಲ್ಲಿ ಮೂವತ್ತು ಪರ್ಸೆಂಟೇ ಕಣ್ಣು ಕುಕ್ಕುತ್ತದೆ.

ಕೋಡ್_ಬರೆಯೋನು · ಸಂಜೆ 6:40

ಒಂದು ಮುಖ್ಯ ಪ್ರಶ್ನೆ ಸರ್. ಪೂರ್ತಿ ಸುತ್ತ 16 ಎಳೆ ಯಾಕೆ? ರಸ್ತೆಯಿಂದ ನೋಡುವವರಿಗೆ ಕಾಣುವುದು ಮುಂದಿನ ಅರ್ಧ ಮಾತ್ರ. ಇಂಥ ದೊಡ್ಡ ಮರ ಮಾಡುವವರು ಎಷ್ಟೋ ಜನ ಅರ್ಧ ಸುತ್ತು ಮಾತ್ರ ಮಾಡುತ್ತಾರೆ. ಅದೇ 16 ಎಳೆಯನ್ನು ಮುಂದಿನ ಅರ್ಧಕ್ಕೇ ಹಾಕಿ. ಎಳೆಗಳು ಏಳು ಇಂಚಿಗೊಂದು ಬರುತ್ತವೆ, ಚಿತ್ರ ಎರಡರಷ್ಟು ದಟ್ಟ ಕಾಣುತ್ತದೆ. ಹಿಂದೆ ಗೋಡೆಗೆ ಒರಗಿಸಬಹುದು, ಗಾಳಿ ಸಮಸ್ಯೆಯೂ ಅರ್ಧ ಕಡಿಮೆ.

ಪೆಂಡಾಲ್_ತಮ್ಮ · ಸಂಜೆ 6:52

ನಾನೂ ಇದನ್ನೇ ಹೇಳಬೇಕು ಅಂದುಕೊಂಡಿದ್ದೆ. ಪೆಂಡಾಲಿನ ಹಿಂದೆ ಯಾರು ನೋಡುತ್ತಾರೆ?

ಲೆಕ್ಕದ_ಮೇಡಂ · ಸಂಜೆ 7:10

ಅರ್ಧ ಸುತ್ತು ಒಳ್ಳೆಯ ಯೋಚನೆ. ಗೋಡೆ ಇದ್ದರೆ ಖಂಡಿತ ಹಾಗೇ ಮಾಡಿ.

ಗಾಳಿಗುಡ್ಡ · ರಾತ್ರಿ 9:30

ಎಲ್ಲರೂ ಒಳ್ಳೆಯದಕ್ಕೇ ಹೇಳುತ್ತಿದ್ದೀರಿ. ಆದರೆ ಪೂರ್ತಿ ಸುತ್ತು ಬೇಕೇ ಬೇಕು. ಕಾರಣ ಹೇಳುತ್ತೇನೆ.

ನಮ್ಮ ಜಾಗದ ಹಿಂದೆ ಕಾಂಪೌಂಡ್ ಆಚೆ ಒಂದು ಹುಡುಗರ ಹಾಸ್ಟೆಲ್ ಇದೆ. ಹಳ್ಳಿಯಿಂದ ಬಂದು ಓದುವ ಮಕ್ಕಳು. ಹೋದ ವರ್ಷ ಸೆಟ್ ಸಾಕಾಗದೆ ಹಿಂದಿನ ಕಡೆ ಖಾಲಿ ಬಿಟ್ಟಿದ್ದೆ. ಅವರ ಕಿಟಕಿಗೆ ಕಾಣುತ್ತಿದ್ದದ್ದು ಬರೀ ಗಳ, ವೈರು, ಗಂಟು. ಒಂದು ಸಂಜೆ ಐದನೇ ಕ್ಲಾಸಿನ ಹುಡುಗ ಕಾಂಪೌಂಡ್ ಹತ್ತಿ ಕೇಳಿದ, "ಅಂಕಲ್, ನಮ್ಮ ಕಡೆ ಯಾಕೆ ಲೈಟಿಲ್ಲ?" ನಾಳೆ ಹಾಕ್ತೀನಿ ಅಂದೆ. ಆ ನಾಳೆ ರಾತ್ರಿಯೇ ಮರ ಬಿತ್ತು.

ಅದಕ್ಕೇ ಈ ಸಲ 16 ಎಳೆ ಸುತ್ತಲೂ. ಎಳೆ ವಿರಳ ಆದರೂ ಪರವಾಗಿಲ್ಲ.

ಕೋಡ್_ಬರೆಯೋನು · ರಾತ್ರಿ 9:41

ಅರ್ಧ ಸುತ್ತಿನ ಮಾತು ಇನ್ನು ಎತ್ತಲ್ಲ ಸರ್. 16 ಎಳೆ ಸುತ್ತಲೂ, ಅದಕ್ಕೆ ಹೇಗೆ ಜೋಡಿಸುವುದು ಅಂತ ಹೇಳುತ್ತೇನೆ.

ಡೇಟಾ ವೈರ್, ಅಂದರೆ ಯಾವ ಬಣ್ಣ ಅಂತ ಪಿಕ್ಸೆಲ್‌ಗೆ ಹೇಳುವ ವೈರ್, ಹಾವಿನ ಹಾಗೆ ಹೋಗಲಿ. ಮೊದಲ ಎಳೆ ಕೆಳಗಿಂದ ಮೇಲೆ, ತುದಿಯಲ್ಲಿ ಎರಡನೇ ಎಳೆಗೆ ಸೇರಿ ಮೇಲಿಂದ ಕೆಳಗೆ. ಹೀಗೆ ಎಂಟು ಜೋಡಿ. ಲಾಭ ಏನಂದರೆ ಪ್ರತಿ ಜೋಡಿಯ ಎರಡೂ ತುದಿ ಬುಡದಲ್ಲೇ ಇರುತ್ತವೆ, ಎರಡೂ ಕಡೆಯಿಂದ ಕರೆಂಟ್ ಕೊಡಬಹುದು. ಏಣಿ ಹತ್ತಿ ವೈರ್ ಎಳೆಯುವ ಕೆಲಸ ಇಲ್ಲ.

ನಡೆಸುವುದಕ್ಕೆ ಇಎಸ್‌ಪಿ32 ಅನ್ನುವ ವೈಫೈ ಇರುವ ಪುಟ್ಟ ಬೋರ್ಡ್, ಅದರೊಳಗೆ ಡಬ್ಲ್ಯೂಎಲ್‌ಇಡಿ ಹಾಕಿ. ಉಚಿತ ತಂತ್ರಾಂಶ, ಮೊಬೈಲಿನಿಂದಲೇ ಬಣ್ಣ ಬದಲಿಸಬಹುದು. 16 ಅಗಲ, 50 ಎತ್ತರದ ಪರದೆ ಅಂತ ಹೇಳಿಕೊಟ್ಟರೆ ಸಾಕು, ಹಿಮ ಬೀಳುವ ಹಾಗೆ, ಬಣ್ಣ ಸುತ್ತುವ ಹಾಗೆ ಎಲ್ಲ ಅದೇ ಮಾಡುತ್ತದೆ. ಹಾಡಿಗೆ ತಕ್ಕಂತೆ ಕುಣಿಸಬೇಕು ಅಂದರೆ ಎಕ್ಸ್‌ಲೈಟ್ಸ್ ಇದೆ, ಅದೂ ಉಚಿತ. ಆದರೆ ಮೂರು ನಿಮಿಷದ ಹಾಡಿಗೆ ನಾಲ್ಕು ರಾತ್ರಿ ಕೂರಬೇಕು. ಈ ವರ್ಷ ಬೇಡ ಅನ್ನಿಸುತ್ತದೆ.

ಬೋರ್ಡ್ ಕೊಡುವ ಸಿಗ್ನಲ್ 3.3 ವೋಲ್ಟ್. ಪಿಕ್ಸೆಲ್ ಕೇಳುವುದು 5. ನಡುವೆ ಸಿಗ್ನಲನ್ನು 5ಕ್ಕೆ ಏರಿಸುವ ಒಂದು 74ಎಎಚ್‌ಸಿಟಿ125 ಚಿಪ್ ಹಾಕಿ. ಇಲ್ಲದಿದ್ದರೆ ಮೇಜಿನ ಮೇಲೆ ಚೆನ್ನಾಗಿ ಓಡಿ, ಅಂಗಳಕ್ಕೆ ತಂದಾಗ ಮಿಣಕ್ ಮಿಣಕ್ ಅನ್ನುತ್ತದೆ.

ಪೆಂಡಾಲ್_ತಮ್ಮ · ರಾತ್ರಿ 9:58

ನಮ್ಮ ಕಡೆ ಟಿ-1000ಎಸ್ ಕಂಟ್ರೋಲರ್ ಬಳಸುತ್ತೇವೆ. ಎಸ್‌ಡಿ ಕಾರ್ಡಿಗೆ ಡಿಸೈನ್ ತುಂಬಿ ಸಿಕ್ಕಿಸಿದರೆ ಆಯಿತು. ವೈಫೈ ಗಿಯ್‌ಫೈ ಏನೂ ಬೇಡ. ಹೊಲದ ನಡುವೆಯೂ ನಡೆಯುತ್ತದೆ.

ಕೋಡ್_ಬರೆಯೋನು · ರಾತ್ರಿ 10:03

ನಡೆಯುತ್ತದೆ, ಆದರೆ ಬಣ್ಣ ಬದಲಿಸಬೇಕು ಅಂದರೆ ಮತ್ತೆ ಕಂಪ್ಯೂಟರ್ ಮುಂದೆ ಕೂರಬೇಕು. ಮನೆಗೆ ಇಎಸ್‌ಪಿ ಮೇಲು.

ಪೆಂಡಾಲ್_ತಮ್ಮ · ರಾತ್ರಿ 10:06

ಕೆಟ್ಟರೆ ರಿಪೇರಿ ಮಾಡುವವರು ದುರ್ಗದಲ್ಲಿ ಯಾರಿದ್ದಾರೆ? ಟಿ-1000 ಗೊತ್ತಿರುವ ಹುಡುಗರು ಪ್ರತಿ ಬೀದಿಗೂ ಇದ್ದಾರೆ. ಅದನ್ನೂ ಯೋಚಿಸಬೇಕು.

ಹಳೇ_ನಕ್ಷತ್ರ · ನವೆಂಬರ್ 22, ಬೆಳಿಗ್ಗೆ 7:00

ನಾನು ಎಪ್ಪತ್ತು ದಾಟಿದವನು. ಪಿಕ್ಸೆಲ್ ನನಗೆ ಗೊತ್ತಿಲ್ಲ. ನಕ್ಷತ್ರ ಗೊತ್ತು.

ನಾವು ಚಿಕ್ಕವರಿದ್ದಾಗ ಡಿಸೆಂಬರ್ ಮೊದಲ ವಾರವೇ ಬಿದಿರಿನ ದಬ್ಬೆ ಸೀಳಿ ನಕ್ಷತ್ರ ಕಟ್ಟುತ್ತಿದ್ದೆವು. ಬಣ್ಣದ ಕಾಗದ, ಮೈದಾ ಅಂಟು, ಒಳಗೆ ಜೀರೋ ಬಲ್ಬು. ಮನೆ ಒಳಗೆ ಸರ್ವೆ ಮರದ ಕೊಂಬೆ ತಂದು ಮೂಲೆಯಲ್ಲಿ ನಿಲ್ಲಿಸಿ, ಬುಡದಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡುತ್ತಿದ್ದೆವು. ರಾಗಿ ಪೈರು ಒಂದು ತಟ್ಟೆಯಲ್ಲಿ ಮೊಳೆಸಿ ಗೋದಲಿಯ ಹುಲ್ಲುಗಾವಲು ಅಂತ ಇಡುತ್ತಿದ್ದಳು ನಮ್ಮಮ್ಮ. ಗೀತೆ ಹಾಡುವವರು ರಾತ್ರಿ ಬಂದಾಗ ಮೊದಲು ಕಾಣುತ್ತಿದ್ದದ್ದು ಆ ನಕ್ಷತ್ರ. ಯಾವ ಮನೆಯಲ್ಲಿ ನಕ್ಷತ್ರ ಇದೆಯೋ ಆ ಮನೆಗೆ ಬರುತ್ತಿದ್ದರು.

ಫ್ಲೆಕ್ಸ್ ನಕ್ಷತ್ರ ಬೇಡ ಅಂತ ಮೇಲೆ ಹೇಳಿದ್ದಾರೆ. ಬರೀ ಅಂಚು ಮಾಡಿ. ತೆಳು ಸರಳಿನಲ್ಲಿ ಐದು ಮೂಲೆ ಬಾಗಿಸಿ, ಸುತ್ತ ಬೆಳಕು ಕಟ್ಟಿ. ನಡುವೆ ಖಾಲಿ ಇರಲಿ. ಗಾಳಿ ತೂರಿ ಹೋಗುತ್ತದೆ, ದೂರದಿಂದ ನಕ್ಷತ್ರವೇ ಕಾಣುತ್ತದೆ. ಆ ಬೆಳಕು ಮಾತ್ರ ಮಿನುಗಿಸಬೇಡಿ. ಮರ ಬೇಕಾದ ಹಾಗೆ ಆಡಲಿ, ನಕ್ಷತ್ರ ನಿಂತು ಉರಿಯಬೇಕು. ಅದು ದಾರಿ ತೋರಿಸುವುದಕ್ಕೆ ಇರುವುದು.

ಗಾಳಿಗುಡ್ಡ · ಬೆಳಿಗ್ಗೆ 7:30

ಖಂಡಿತ ಸರ್. ನಕ್ಷತ್ರ ಬಿಳಿ, ಮಿನುಗದು. ರಾಗಿ ಪೈರು ನನ್ನ ಅಜ್ಜಿಯೂ ಇಡುತ್ತಿದ್ದರು. ಈ ಸಲ ಮಗಳ ಕೈಯಲ್ಲಿ ಹಾಕಿಸುತ್ತೇನೆ.

ಕೋಡ್_ಬರೆಯೋನು · ಬೆಳಿಗ್ಗೆ 8:20

ಮೊದಲು ಕರೆಂಟ್ ಲೈಟ್ ಹಾಕಿದ ಕ್ರಿಸ್‌ಮಸ್ ಮರ 1882ರದು. ನ್ಯೂಯಾರ್ಕಿನಲ್ಲಿ ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯಲ್ಲಿ ಕೆಂಪು, ಬಿಳಿ, ನೀಲಿ 80 ಬಲ್ಬು ಕೈಯಲ್ಲೇ ಜೋಡಿಸಿದ್ದರು.

ಲೆಕ್ಕದ_ಮೇಡಂ · ಬೆಳಿಗ್ಗೆ 8:33

ನಮ್ಮ ಶಿವನಸಮುದ್ರದಲ್ಲಿ ಕರೆಂಟ್ ಶುರುವಾಗಿದ್ದೇ 1902ರಲ್ಲಿ. ಅದೂ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಬೆಣ್ಣೆನಗರಿ · ಬೆಳಿಗ್ಗೆ 8:40

ದಾವಣಗೆರೆ ದುರ್ಗಾಂಬಿಕಾ ಜಾತ್ರೆಯಲ್ಲಿ ಲೈಟಿನ ನವಿಲು, ಹುಲಿ ನೋಡಿದವರಿಗೆ ಇದೆಲ್ಲ ಹೊಸದಲ್ಲ ಬಿಡಿ. ನಾನು ಹೋದ ವರ್ಷ ಬಾಲ್ಕನಿಗೆ ನಾಲ್ಕು ಅಡಿಯ ಮರ ಮಾಡಿದ್ದೆ. ಬುಡಕ್ಕೆ ಹಳೇ ಸೈಕಲಿನ ಮುಂದಿನ ರಿಮ್. ಅದರಲ್ಲಿ 32 ಕಡ್ಡಿ ತೂತು ಇರುತ್ತವೆ. ಒಂದು ಬಿಟ್ಟು ಒಂದಕ್ಕೆ ಕಟ್ಟಿದರೆ ಸರಿಯಾಗಿ 16 ಎಳೆ, ಅಳತೆಯೇ ಬೇಡ. ರಿಮ್ ಎರಡು ಅಡಿ ಅಗಲ, ಎತ್ತರ ನಾಲ್ಕು. ಗುಜರಿಯಲ್ಲಿ ಸಿಗುತ್ತದೆ. ಸಣ್ಣದು ಮಾಡುವವರಿಗೆ ಇರಲಿ ಅಂತ ಹೇಳಿದೆ.

ಲೆಕ್ಕದ_ಮೇಡಂ · ಬೆಳಿಗ್ಗೆ 8:52

ಇದು ಬಹಳ ಚೆನ್ನಾಗಿದೆ!

ಗಾಳಿಗುಡ್ಡ · ಡಿಸೆಂಬರ್ 6, ರಾತ್ರಿ 10:15

ತಡವಾಗಿ ಬರೆಯುತ್ತಿದ್ದೇನೆ. ಕೆಲಸ ಇಲ್ಲಿವರೆಗೆ ಬಂದಿದೆ.

ಮಣ್ಣು ತೆಗೆದು ಬಂಡೆ ತಟ್ಟಿದೆ. ಎರಡು ಕಡೆ ಡಬ್ ಅಂತು, ಬಿಟ್ಟೆ. ಸ್ವಲ್ಪ ಜರುಗಿಸಿ ನಾಲ್ಕು ಗಟ್ಟಿ ಜಾಗ ಸಿಕ್ಕವು. ಮೂರು ಡ್ರಿಲ್ ಬಿಟ್ ಮೊಂಡಾದವು, ಆದರೆ ಬೋಲ್ಟ್ ಕಚ್ಚಿಕೊಂಡಿವೆ. ನಾನೂ ತಮ್ಮನೂ ಜೋತುಬಿದ್ದು ನೋಡಿದೆವು, ಅಲ್ಲಾಡಲಿಲ್ಲ. ಕಂಬ ನಿಂತಿದೆ, ಬಳೆ ಕೂತಿದೆ. ಅರ್ಥ್ ಹೊಸದು ಮಾಡಿಸಿದೆ, ಆರ್‌ಸಿಸಿಬಿ ಹಾಕಿಸಿದೆ. ಅದರ ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಬೀಳುತ್ತದೆ.

ತೊಂದರೆ ಒಂದು. ವಾಟರ್‌ಪ್ರೂಫ್ ಅಂತ ಕೊಟ್ಟ ಎಳೆಗಳಲ್ಲಿ ಎರಡು ರಾತ್ರಿ ಇಬ್ಬನಿಗೇ ಹೋದವು. ಜೋಡಣೆಯ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಪಾಚಿ ಹಾಗೆ ಕಟ್ಟಿದೆ. ಅಂಗಡಿಯವರು ಬದಲಿಸಿಕೊಡಲಿಲ್ಲ.

ವೈರ್‌ಮನ್_ಹರಿಹರ · ರಾತ್ರಿ 10:40

ಅದು ತಾಮ್ರದ ಕಿಲುಬು. ಪಿಕ್ಸೆಲ್ ತಲೆ ವಾಟರ್‌ಪ್ರೂಫ್ ಇರುತ್ತದೆ, ಜೋಡಣೆ ಇರಲ್ಲ. ಕೊಯ್ದು ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಕುಗ್ಗಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಏರಿಸಿ. ಸಿಲಿಕೋನ್ ಹಚ್ಚುವುದಾದರೆ ಹುಳಿ ವಾಸನೆ ಬರುವುದು ಬೇಡ, ಅದರ ಆಮ್ಲವೇ ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಅಂತ ಕೇಳಿ ತನ್ನಿ. ವೈರ್ ಡಬ್ಬದೊಳಗೆ ಹೋಗುವ ಮುಂಚೆ ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಡಿಸೆಂಬರ್‌ನಲ್ಲೂ ಜಿಟಿಜಿಟಿ ಬರುತ್ತದೆ, ಇಬ್ಬನಿ ಮಾತ್ರ ನಂಬಿ ಕೂರಬೇಡಿ.

ಗಾಳಿಗುಡ್ಡ · ಡಿಸೆಂಬರ್ 13, ರಾತ್ರಿ 8:20

ಇವತ್ತು ಸಂಜೆ ಮೊದಲ ಸಲ ಪೂರ್ತಿ ಹಚ್ಚಿದೆ! ಹಿಂದಿನ ವಾರ ಎರಡು ರಾತ್ರಿ ಜೋರು ಗಾಳಿ ಇತ್ತು. ಎಳೆಗಳು ಸುಯ್ ಅಂದವು, ಕಂಬ ನಿಂತಿತು.

ಒಂದೇ ಕೊರತೆ. ಬಿಳಿ ಬಣ್ಣ ಹಾಕಿದಾಗ 10ನೇ ಎಳೆ ಮೇಲೆ ಬಿಳಿ ಇದೆ, ಕೆಳಗೆ ಬರುತ್ತಾ ಬರುತ್ತಾ ಕೆಂಪಾಗುತ್ತದೆ. ಉಳಿದವೆಲ್ಲ ಸರಿ. ಅದು ಹಾಸ್ಟೆಲ್ ಕಡೆಯದೇ.

ಕೋಡ್_ಬರೆಯೋನು · ರಾತ್ರಿ 8:26

ವೋಲ್ಟೇಜ್ ಸಾಲುತ್ತಿಲ್ಲ. ನೀಲಿ, ಹಸಿರಿಗೆ ಹೆಚ್ಚು ವೋಲ್ಟ್ ಬೇಕು, ಅವು ಮೊದಲು ಸೋಲುತ್ತವೆ, ಕೆಂಪು ಉಳಿಯುತ್ತದೆ. 9 ಮತ್ತು 10 ಒಂದು ಜೋಡಿ. 9ರ ಬುಡದಿಂದ ಮಾತ್ರ ಕರೆಂಟ್ ಹೋಗಿ 100 ಪಿಕ್ಸೆಲ್ ದಾಟಿ ಬರುತ್ತಿದೆ. 10ರ ಬುಡದ ವೈರ್ ನೋಡಿ.

ವೈರ್‌ಮನ್_ಹರಿಹರ · ರಾತ್ರಿ 8:29

ಮೊದಲು ಫ್ಯೂಸ್ ನೋಡಿ. ಮೇನ್ ಆರಿಸಿ ನೋಡಿ!

ಗಾಳಿಗುಡ್ಡ · ರಾತ್ರಿ 9:05

ಮೇನ್ ಆರಿಸಿ ನೋಡಿದೆ. 10ರ ಫ್ಯೂಸ್ ಪೂರ್ತಿ ಒಳಗೆ ಕೂತಿರಲಿಲ್ಲ. ಒತ್ತಿದೆ. ಈಗ ಬುಡದವರೆಗೂ ಬಿಳಿ.

ವಾರ್ಡನ್ ಹತ್ತು ಗಂಟೆಗೆ ಆರಿಸಿ, ಮಕ್ಕಳಿಗೆ ಓದು ಇದೆ ಅಂದಿದ್ದಾರೆ. ಡಬ್ಲ್ಯೂಎಲ್‌ಇಡಿಯಲ್ಲಿ ಟೈಮರ್ ಎಲ್ಲಿದೆ ಸ್ವಲ್ಪ ಹೇಳಿ. ಈಗ ಕಿಟಕಿಯಲ್ಲಿ ಎಂಟು ಜನ ನಿಂತಿದ್ದಾರೆ, ನೀಲಿ ಮಾಡಿ ಅಂಕಲ್ ಅಂತ ಕೂಗುತ್ತಿದ್ದಾರೆ. ಹೋಗಿ ಬರುತ್ತೇನೆ.

ಕೋಡ್_ಬರೆಯೋನು · ರಾತ್ರಿ 9:08

ಮೊದಲು ಬೋರ್ಡಿಗೆ ಗಡಿಯಾರದ ಸಮಯ ಸರಿಯಾಗಿ ಕೊಡಿ. ಸೆಟ್ಟಿಂಗ್ಸ್ ಒಳಗೆ ಟೈಮ್ ಅಂತ ಇರುವ ಪುಟದಲ್ಲೇ ಅದೂ ಇದೆ, ಟೈಮರೂ ಇದೆ. ಆರಿದ ಬೆಳಕನ್ನು ಒಂದು ಪ್ರಿಸೆಟ್ ಆಗಿ ಉಳಿಸಿ, 22:00ಕ್ಕೆ ಅದರ ನಂಬರ್ ಕೊಡಿ. ನೀಲಿ ಹಾಕಿ ಬಂದು ಮಾಡಿ, ಅವಸರ ಇಲ್ಲ.